ಪಿಪಿ ಡಬ್ಬ ಕೋರ್‌ಗೆ ಕಚ್ಚಿಕೊಳ್ಳುತ್ತಿದೆ, ಸಿಲಿಕೋನ್ ಮಾಸ್ಟರ್‌ಬ್ಯಾಚ್ ಹಾಕಬಹುದಾ?

ಪೀಣ್ಯ ಮೋಲ್ಡರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಇಂಜೆಕ್ಷನ್ ಮೋಲ್ಡಿಂಗ್ ಶೆಡ್ ಇದೆ. ಅಡುಗೆಮನೆ ಸಾಮಾನು ಮಾಡುತ್ತೇವೆ. ಈಗ ತಲೆನೋವು ಕೊಡುತ್ತಿರುವುದು ಒಂದು ಹಿಟ್ಟಿನ ಡಬ್ಬ. ದುಂಡನೆಯದು, ಬಾಯಿ 150 ಮಿ.ಮೀ., ಆಳ 160 ಮಿ.ಮೀ., ಗೋಡೆ 1.5 ಮಿ.ಮೀ., ತೂಕ ಸುಮಾರು 118 ಗ್ರಾಂ. 180 ಟನ್ ಮಷೀನ್‌ನಲ್ಲಿ ಓಡುತ್ತದೆ. ಎಂಎಫ್‌ಐ (ಕರಗಿದ ಪ್ಲಾಸ್ಟಿಕ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬ ಅಳತೆ) 12ರ ಪಿಪಿ (ಪಾಲಿಪ್ರೊಪಿಲೀನ್) ಕೋಪಾಲಿಮರ್, ಜೊತೆಗೆ 2% ಕಲರ್ ಮಾಸ್ಟರ್‌ಬ್ಯಾಚ್ (ಬಣ್ಣ ದಟ್ಟವಾಗಿ ಬೆರೆಸಿದ ಪ್ಲಾಸ್ಟಿಕ್ ಕಾಳು). ಮೆಲ್ಟ್ 230 ಡಿಗ್ರಿ, ಚಿಲ್ಲರ್ ನೀರು 15 ಡಿಗ್ರಿ. ಡೈ (ಅಚ್ಚು) ಹಳೆಯದು. ಬಾಯಿಯ ಸುತ್ತಲೂ ತಳ್ಳುವ ಸ್ಟ್ರಿಪ್ಪರ್ ರಿಂಗ್ ಇಲ್ಲ, ಪೀಸನ್ನು ಹೊರತಳ್ಳಲು ತಳಕ್ಕೆ ನಾಲ್ಕು ಎಜೆಕ್ಟರ್ ಪಿನ್ ಅಷ್ಟೇ.

ಸಮಸ್ಯೆ ಏನೆಂದರೆ ಪೀಸ್ ಕೋರ್ (ಡಬ್ಬದ ಒಳಭಾಗಕ್ಕೆ ಆಕಾರ ಕೊಡುವ ಡೈ ಭಾಗ) ಬಿಟ್ಟು ಬರುವುದೇ ಇಲ್ಲ. ಪಿನ್ ತಳ್ಳಿದ ನಾಲ್ಕೂ ಜಾಗದಲ್ಲಿ ಬಿಳಿ ಕಲೆ ಬೀಳುತ್ತದೆ. ಕೂಲಿಂಗ್ ಟೈಮ್ 10 ಸೆಕೆಂಡ್‌ನಿಂದ 16ಕ್ಕೆ ಏರಿಸಿದೆವು, ಕಚ್ಚುವುದು ಇನ್ನೂ ಜಾಸ್ತಿ ಆದ ಹಾಗಿದೆ. ರಾತ್ರಿ ಪಾಳಿಯವರು ನಾಲ್ಕೈದು ಶಾಟ್‌ಗೆ ಒಮ್ಮೆ ಕೋರ್ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ಓಡಿಸುತ್ತಾರೆ. ಡಬ್ಬದ ಮೇಲೆ ಸ್ಕ್ರೀನ್ ಪ್ರಿಂಟ್ ಲೋಗೋ ಬರುತ್ತದೆ. ಫ್ಲೇಮ್ ಮಾಡಿಯೇ, ಅಂದರೆ ಇಂಕ್ ಹಿಡಿಯಲಿ ಎಂದು ಮೇಲ್ಮೈಗೆ ಬೆಂಕಿ ತೋರಿಸಿಯೇ, ಪ್ರಿಂಟ್ ಮಾಡುತ್ತೇವೆ. ಆದರೂ ಈ ಸಲದ ಮಾಲಿನಲ್ಲಿ ಇಂಕ್ ಉಗುರು ತಾಗಿದರೆ ಏಳುತ್ತಿದೆ, ಪಾರ್ಟಿ ವಾಪಸ್ ಕಳಿಸಿದ್ದಾರೆ.

ಒಬ್ಬ ಸಪ್ಲೈಯರ್ ಎರಡು ದಾರಿ ಹೇಳಿದ್ದಾರೆ. ಒಂದು, 350 ಸೆಂಟಿಸ್ಟೋಕ್ (ಸ್ನಿಗ್ಧತೆಯ ಅಳತೆ) ಸಿಲಿಕೋನ್ ಎಣ್ಣೆಯನ್ನು ದಾಣಾ (ಪ್ಲಾಸ್ಟಿಕ್ ಕಾಳು) ಜೊತೆ ಕಲಸಿ ಹಾಪರ್‌ಗೆ ಹಾಕುವುದು. ಇದು ಅಗ್ಗ. ಇನ್ನೊಂದು 50% ಸಿಲಿಕೋನ್ ಇರುವ ಮಾಸ್ಟರ್‌ಬ್ಯಾಚ್. ಅದರ ರೇಟ್ ಕೇಳಿಯೇ ಸುಮ್ಮನಾದೆ. ಯಾವುದು ಹಾಕಲಿ? ಎಷ್ಟು ಹಾಕಲಿ? ಪ್ರಿಂಟ್ ನಿಲ್ಲುತ್ತದಾ? ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಟೂಲ್‌ರೂಮ್ ರಾಜಾಜಿನಗರ:

ದುಡ್ಡು ಮಾಸ್ಟರ್‌ಬ್ಯಾಚ್‌ಗೆ ಹಾಕುವ ಮುಂಚೆ ಡೈ ಬಿಚ್ಚಿ ನೋಡಿ. ನಾನು ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ) ಕಲಿತವನು, ಡೈ ಕಡೆಯಿಂದಲೇ ಯೋಚಿಸುತ್ತೇನೆ. ಕೋರ್‌ನ ಡ್ರಾಫ್ಟ್, ಅಂದರೆ ಗೋಡೆಯ ಓರೆ, ಎಷ್ಟಿದೆ? 160 ಮಿ.ಮೀ. ಆಳಕ್ಕೆ ಒಂದು ಡಿಗ್ರಿ ಕೊಟ್ಟರೆ ಒಂದು ಬದಿಗೆ 2.8 ಮಿ.ಮೀ. ಟೇಪರ್ ಸಿಗುತ್ತದೆ. ಅರ್ಧ ಡಿಗ್ರಿ ಆದರೆ 1.4 ಮಾತ್ರ. ಹಳೆಯ ಡೈಗಳಲ್ಲಿ ಒಳಗಿನ ಅಳತೆ ಉಳಿಸಲು ಅರ್ಧ ಡಿಗ್ರಿ ಕೊಟ್ಟಿರುವುದು ಎಷ್ಟೋ ಇದೆ.

ಇನ್ನೊಂದು ವಿಷಯ ಪಾಲಿಶ್. ಕೋರ್ ಕನ್ನಡಿ ಥರ ಹೊಳೆಯುತ್ತಿದೆಯಾ? ಪಿಪಿಗೆ ಅದು ಒಳ್ಳೆಯದಲ್ಲ. ಕನ್ನಡಿ ಪಾಲಿಶ್ ಇದ್ದರೆ ಗಾಳಿ ಒಳಗೆ ನುಗ್ಗಲು ಸಂದು ಇರುವುದಿಲ್ಲ, ಪೀಸ್ ನಿರ್ವಾತದಲ್ಲಿ ಅಂಟಿ ಕೂರುತ್ತದೆ. ಪೀಸ್ ಹೊರಬರುವ ದಿಕ್ಕಿನಲ್ಲೇ ಸ್ಟೋನ್ ಎಳೆದ ಫಿನಿಶ್ ಬೇಕು. ಅಡ್ಡಡ್ಡ ಎಮರಿ ಹೊಡೆದ ಗೆರೆ ಇದ್ದರಂತೂ ಒಂದೊಂದು ಗೆರೆಯೂ ಪೀಸನ್ನು ಹಿಡಿದುಕೊಳ್ಳುತ್ತದೆ. ಕೋರ್ ತುದಿಯಲ್ಲಿ ಏರ್ ಪಾಪೆಟ್ (ಒಳಗೆ ಗಾಳಿ ಬಿಡುವ ಕವಾಟ) ಕೂರಿಸಲು ಜಾಗ ಇದೆಯಾ ನೋಡಿ, ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ದಾಬಸ್‌ಪೇಟೆ ಕಾಂಪೌಂಡರ್:

ಟೂಲ್‌ರೂಮ್‌ನವರು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಾನು ಕಾಂಪೌಂಡಿಂಗ್ (ಪ್ಲಾಸ್ಟಿಕ್‌ಗೆ ಬೇರೆ ವಸ್ತು ಬೆರೆಸುವ) ಲೈನ್‌ನಲ್ಲಿ ಕೆಲಸ ಮಾಡುವವನು. ಸಿಲಿಕೋನ್ ಮಾಸ್ಟರ್‌ಬ್ಯಾಚ್ ಮೋಲ್ಡರ್‌ಗಳ ಶೆಡ್‌ಗೆ ಹೋಗಿ ಟ್ರಯಲ್ ಕೊಡುವುದು ನನ್ನ ದಿನದ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಸ್ಪ್ರೇ ಇವತ್ತೇ ನಿಲ್ಲಿಸಿ. ಇದು ಹಿಟ್ಟಿನ ಡಬ್ಬ. ಮನೆಯಲ್ಲಿ ರಾಗಿ ಹಿಟ್ಟು, ಅಕ್ಕಿ ಹಿಟ್ಟು ತುಂಬಿಡುವ ವಸ್ತು. ಕೋರ್ ಮೇಲೆ ಹೊಡೆದದ್ದು ಹೋಗಿ ಕೂರುವುದು ಡಬ್ಬದ ಒಳಗೋಡೆಗೆ, ಅಂದರೆ ಹಿಟ್ಟು ತಾಗುವ ಕಡೆಗೇ. ಅಂಗಡಿಯಲ್ಲಿ ಸಿಗುವ ಮಾಮೂಲಿ ಮೋಲ್ಡ್ ಸ್ಪ್ರೇ ಆಹಾರಕ್ಕೆ ತಾಗುವ ಮಾಲಿಗೆಂದು ಮಾಡಿದ್ದಲ್ಲ. ಕ್ಯಾನ್ ಮೇಲೆ ಫುಡ್ ಗ್ರೇಡ್ ಎಂದು ಬರೆದಿಲ್ಲದಿದ್ದರೆ ಅದನ್ನು ಶೆಡ್ಡಿನಿಂದಲೇ ಹೊರಗಿಡಿ.

ನಿಮ್ಮ ಪ್ರಿಂಟ್ ಏಳುವುದಕ್ಕೂ ಇದೇ ಕಾರಣ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಸ್ಪ್ರೇ ಹೊಡೆಯುವುದು ಒಳಗೆ, ಪ್ರಿಂಟ್ ಆಗುವುದು ಹೊರಗೆ, ಹೇಗೆ ಅಂತೀರಾ? ಡಬ್ಬಗಳನ್ನು ಒಂದರೊಳಗೊಂದು ಪೇರಿಸಿ ಇಡುತ್ತೀರಿ ಅಲ್ವಾ. ಒಂದರ ಒಳಗೋಡೆ ಇನ್ನೊಂದರ ಹೊರಗೋಡೆಗೆ ಉಜ್ಜುತ್ತದೆ. ಪೀಸ್ ತೆಗೆಯುವವರ ಗ್ಲೌಸ್‌ನಿಂದಲೂ ಅಂಟುತ್ತದೆ. ಸಿಲಿಕೋನ್‌ನ ಸರ್ಫೇಸ್ ಟೆನ್ಷನ್ (ಮೇಲ್ಮೈ ಎಳೆತ, ಇದು ಕಡಿಮೆ ಇದ್ದರೆ ಇಂಕ್ ಹರಡುವುದಿಲ್ಲ) ಸುಮಾರು 20 ಡೈನ್, ಪಿಪಿಯದು 30ರ ಹತ್ತಿರ. ಪ್ರಿಂಟ್‌ಗೆ ನೀವು ಫ್ಲೇಮ್ ಮಾಡಿ 38ಕ್ಕೆ ತರುತ್ತೀರಿ. ಅದರ ಮೇಲೆ ಸಿಲಿಕೋನ್‌ನ ತೆಳು ಪದರ ಕೂತರೂ ಸಾಕು, ಇಂಕ್ ಹರಡದೆ ಮೀನಿನ ಕಣ್ಣಿನಂಥ ಸಣ್ಣ ವೃತ್ತಗಳಾಗಿ ಹಿಂದೆ ಸರಿಯುತ್ತದೆ. ವಾಪಸ್ ಬಂದ ಡಬ್ಬ ತೆಗೆದು ಲೋಗೋ ಅಂಚನ್ನು ಲೆನ್ಸ್‌ನಲ್ಲಿ ನೋಡಿ, ಆ ವೃತ್ತಗಳು ಕಾಣಬಹುದು.

ಈಗ ಕಚ್ಚುವ ವಿಷಯ. ಪಿಪಿ ತಣಿದಾಗ ಸುಮಾರು ಒಂದೂವರೆ ಶೇಕಡಾ ಕುಗ್ಗುತ್ತದೆ. ಡಬ್ಬ ಕುಗ್ಗುವುದು ಕೋರ್ ಮೇಲೇ. ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟ ನೆನಪು ಮಾಡಿಕೊಳ್ಳಿ, ಹೊರಗಿನ ಲೋಟ ತಣಿದಷ್ಟೂ ಒಳಗಿನದನ್ನು ಬಿಗಿಯಾಗಿ ಹಿಡಿಯುತ್ತದೆ. ನೀವು ಕೂಲಿಂಗ್ 16 ಸೆಕೆಂಡ್ ಮಾಡಿದಾಗ ಹಿಡಿತ ಜಾಸ್ತಿ ಆಗಿದ್ದು ಇದರಿಂದಲೇ. ಗೋಡೆ 1.5 ಮಿ.ಮೀ. ಇದ್ದರೆ ಅಷ್ಟು ಹೊತ್ತು ಬೇಕಿಲ್ಲ. ಒಂದೊಂದೇ ಸೆಕೆಂಡ್ ಇಳಿಸುತ್ತಾ ಬನ್ನಿ. ಪಿನ್ ತಳದಲ್ಲಿ ಕುಳಿ ಮಾಡುವಷ್ಟು ಮೆತ್ತಗೆ ಬಂದಾಗ ಅರ್ಧ ಸೆಕೆಂಡ್ ವಾಪಸ್ ಏರಿಸಿ. ಕೋರ್‌ಗೆ ಹೋಗುವ ನೀರನ್ನು ಕ್ಯಾವಿಟಿ (ಹೊರಗೋಡೆಗೆ ಆಕಾರ ಕೊಡುವ ಡೈ ಭಾಗ) ನೀರಿನಿಂದ ಬೇರೆ ಮಾಡಲು ಆಗುವುದಾದರೆ ಮಾಡಿ, ಎರಡರ ತಾಪವನ್ನೂ ಬೇರೆ ಬೇರೆ ಆಡಿಸಿ ನೋಡಲು ಅನುಕೂಲ.

ಎಲ್ಲಿ ಹಿಡಿಯುತ್ತಿದೆ ಎಂದು ಪತ್ತೆ ಮಾಡಲು ಎರಡು ಕೆಲಸ ಮಾಡಿ. ಎಜೆಕ್ಷನ್ ಸ್ಪೀಡ್ ತೀರಾ ಕಡಿಮೆ ಮಾಡಿ, ಪಿನ್ ಅರ್ಧ ಮುಂದೆ ಬಂದಾಗ ಮಷೀನ್ ನಿಲ್ಲಿಸಿ. ತಳ ಗುಮ್ಮಟದ ಹಾಗೆ ಉಬ್ಬಿ, ಗೋಡೆ ಅಲ್ಲೇ ಕೂತಿದ್ದರೆ ಗೋಡೆಯ ಹಿಡಿತ, ಇಲ್ಲವೇ ಒಳಗೆ ಗಾಳಿ ಹೋಗುತ್ತಿಲ್ಲ. ಬಿಡುವಾಗ ಟಪ್ ಎಂದು ಸದ್ದು ಬಂದರೆ ನಿರ್ವಾತ ಇದೆ ಎಂದೇ ಲೆಕ್ಕ. ಎರಡನೆಯದು, ಡಬ್ಬವನ್ನು ಉದ್ದಕ್ಕೆ ಸೀಳಿ ಒಳಗೋಡೆಗೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿಯಿರಿ. ಮೇಲಿಂದ ಕೆಳಕ್ಕೆ ಗೀಚಿದ ಗೆರೆ ಕಾಣುತ್ತವಾ? ಗೆರೆ ಶುರುವಾಗುವ ಎತ್ತರ ಅಳೆದುಕೊಳ್ಳಿ. ಕೋರ್‌ನಲ್ಲಿ ಅದೇ ಎತ್ತರದಲ್ಲಿ ಏಟು ಬಿದ್ದ ಗುರುತೋ ಉಬ್ಬೋ ಇರುತ್ತದೆ. ಅದಕ್ಕೆ ಯಾವ ಸಿಲಿಕೋನ್ ಹಾಕಿದರೂ ಪ್ರಯೋಜನವಿಲ್ಲ, ಟೂಲ್‌ರೂಮಿಗೇ ಹೋಗಬೇಕು.

ಇಷ್ಟೆಲ್ಲ ಸರಿ ಮಾಡಿಕೊಂಡ ಮೇಲೂ ಉಳಿಯುವ ಘರ್ಷಣೆಗೆ ಸಿಲಿಕೋನ್ ಮಾಸ್ಟರ್‌ಬ್ಯಾಚ್ ನಿಜವಾಗಿ ಒಳ್ಳೆಯ ವಸ್ತು. ಆದರೆ ಎಣ್ಣೆ ಬೇಡವೇ ಬೇಡ. ಎರಡೂ ರಾಸಾಯನಿಕವಾಗಿ ಒಂದೇ, ಪಾಲಿಡೈಮಿಥೈಲ್ ಸಿಲೋಕ್ಸೇನ್. ಸಿಲಿಕಾನ್, ಆಮ್ಲಜನಕ ಒಂದಾದ ಮೇಲೊಂದು ಬರುವ ಸರಪಳಿ. ವ್ಯತ್ಯಾಸ ಇರುವುದು ಸರಪಳಿಯ ಉದ್ದದಲ್ಲಿ. 350 ಸೆಂಟಿಸ್ಟೋಕ್ ಎಣ್ಣೆಯದು ಗಿಡ್ಡ ಸರಪಳಿ. ಪಿಪಿಗೂ ಸಿಲಿಕೋನ್‌ಗೂ ಹೊಂದಿಕೆ ಇಲ್ಲ. ಹಾಗಾಗಿ ಗಿಡ್ಡದ್ದು ಇವತ್ತಲ್ಲ ನಾಳೆ ಜಾರಿಕೊಂಡು ಮೇಲ್ಮೈಗೆ ಬರುತ್ತದೆ. ಮತ್ತೆ ಪ್ರಿಂಟ್ ಏಳುತ್ತದೆ, ಹಿಟ್ಟಿಗೂ ತಾಗುತ್ತದೆ. ಒಳ್ಳೆಯ ಮಾಸ್ಟರ್‌ಬ್ಯಾಚ್‌ನಲ್ಲಿ ಇರುವುದು ಅತಿ ಉದ್ದದ ಸರಪಳಿ. ಅದರ ಸ್ನಿಗ್ಧತೆ ಒಂದು ಕೋಟಿ ಸೆಂಟಿಸ್ಟೋಕ್‌ಗೂ ಮೇಲೆ, ಕೈಯಲ್ಲಿ ಹಿಡಿದರೆ ಅಂಟಿನ ಉಂಡೆಯ ಹಾಗೆ ಇರುತ್ತದೆ. ಅದನ್ನು ಟ್ವಿನ್ ಸ್ಕ್ರೂ (ಜೋಡಿ ಸ್ಕ್ರೂನ ಬೆರೆಸುವ ಮಷೀನ್) ನಲ್ಲಿ ಪಿಪಿಯೊಳಗೆ ಕೆಲವೇ ಮೈಕ್ರಾನ್‌ನ ಹನಿಗಳಾಗಿ ಒಡೆದು ದಾಣಾ ಮಾಡಿರುತ್ತಾರೆ. ಉದ್ದ ಸರಪಳಿ ಪಿಪಿ ಸರಪಳಿಗಳ ನಡುವೆ ಸಿಕ್ಕಿಹಾಕಿಕೊಂಡು ಬಹುಮಟ್ಟಿಗೆ ಅಲ್ಲೇ ಉಳಿಯುತ್ತದೆ. ಮೆಲ್ಟ್ ಹರಿಯುವಾಗ ಉಕ್ಕಿನ ಗೋಡೆ ಹತ್ತಿರ ಬಂದ ಹನಿಗಳು ಘರ್ಷಣೆ ಇಳಿಸುತ್ತವೆ. ಅದಕ್ಕೇ ಫಿಲ್ಲಿಂಗ್ ಪ್ರೆಶರ್ ಸ್ವಲ್ಪ ಇಳಿಯುತ್ತದೆ, ಪೀಸ್ ಕೂಡ ಸಲೀಸಾಗಿ ಬಿಡುತ್ತದೆ.

ಎಣ್ಣೆಗೆ ಇನ್ನೊಂದು ತೊಂದರೆ ಇದೆ, ಮಷೀನ್ ಮುಂದೆ ನಿಂತವರಿಗೆ ಇದು ಚೆನ್ನಾಗಿ ಗೊತ್ತು. ದಾಣಾ ಮೇಲೆ ಎಣ್ಣೆ ಇದ್ದರೆ ಫೀಡ್ ಥ್ರೋಟ್‌ನಲ್ಲಿ (ದಾಣಾ ಒಳಗಿಳಿಯುವ ಬಾಯಿ) ಸ್ಕ್ರೂಗೆ ಹಿಡಿತ ಸಿಗುವುದಿಲ್ಲ. ಸ್ಕ್ರೂ ಸುತ್ತುತ್ತಲೇ ಇರುತ್ತದೆ, ಮಾಲು ಮುಂದೆ ಹೋಗುವುದಿಲ್ಲ. ಒಂದು ಶಾಟ್‌ಗೆ ರಿಕವರಿ (ಸ್ಕ್ರೂ ಮುಂದಿನ ಶಾಟ್‌ನ ಮಾಲು ತುಂಬಿಕೊಳ್ಳುವ ಸಮಯ) 6 ಸೆಕೆಂಡ್, ಮುಂದಿನದಕ್ಕೆ 9 ಆಗುತ್ತದೆ. ಕುಷನ್ (ಸ್ಕ್ರೂ ಮುಂದೆ ಉಳಿಯುವ ಮಾಲು) ಏರಿಳಿಯುತ್ತದೆ, ನಡುವೆ ಶಾರ್ಟ್ ಶಾಟ್ (ಪೂರ್ತಿ ತುಂಬದ ಪೀಸ್) ಬರುತ್ತದೆ. ಮಾಸ್ಟರ್‌ಬ್ಯಾಚ್ ಕೂಡ ಅತಿಯಾದರೆ ಹೀಗೆ ಮಾಡುತ್ತದೆ, ಆದರೆ ನಿಮಗೆ ಬೇಕಾದ ಡೋಸ್‌ನಲ್ಲಿ ಅಲ್ಲ.

ಡೋಸ್ ಹೀಗೆ ಹಾಕಿ. 25 ಕೆ.ಜಿ. ಚೀಲಕ್ಕೆ 125 ಗ್ರಾಂ ಮಾಸ್ಟರ್‌ಬ್ಯಾಚ್‌ನಿಂದ ಶುರು ಮಾಡಿ, ಅಂದರೆ 0.5%. ಅದರಲ್ಲಿ ಅರ್ಧ ಕ್ಯಾರಿಯರ್ (ಸಿಲಿಕೋನನ್ನು ಹೊತ್ತಿರುವ) ಪಿಪಿ, ಹಾಗಾಗಿ ನಿಜವಾದ ಸಿಲಿಕೋನ್ 0.25% ಮಾತ್ರ. ಬ್ಯಾರೆಲ್‌ನ ಹಳೆ ಮಾಲು ಪೂರ್ತಿ ಹೋಗುವ ತನಕ ಫಲಿತಾಂಶ ನೋಡಬೇಡಿ. ಸಾಲದಿದ್ದರೆ 250 ಗ್ರಾಂ. ಬರೀ ಬಿಡುವಿಕೆಗೆ ಅದಕ್ಕಿಂತ ಮೇಲೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಟ್ರಯಲ್ ನಡೆಯುವಾಗ ಬೇರೆ ಯಾವ ಸೆಟ್ಟಿಂಗ್ ಕೂಡ ಮುಟ್ಟಬೇಡಿ. ಪೀಕ್ ಪ್ರೆಶರ್ (ತುಂಬುವಾಗಿನ ಅತಿ ಹೆಚ್ಚಿನ ಒತ್ತಡ), ರಿಕವರಿ ಟೈಮ್, ಕುಷನ್ ಮೂರನ್ನೂ ಬರೆದಿಡಿ. ಕ್ಯಾರಿಯರ್ ಪಿಪಿಯೇ ಇರಲಿ. ಬೇರೆ ಪಾಲಿಮರ್ ಕ್ಯಾರಿಯರ್ ಅಗ್ಗಕ್ಕೆ ಕೊಡಲು ಬಂದರೆ ತೆಗೆದುಕೊಳ್ಳಬೇಡಿ.

ದುಡ್ಡಿನ ದೃಷ್ಟಿಯಿಂದ ಇನ್ನೊಂದು ಮಾತು, ನಾನು ಮಾರುವ ವಸ್ತುವಿಗೆ ವಿರುದ್ಧವಾದರೂ ಹೇಳಲೇಬೇಕು. ಥಿನ್ ವಾಲ್ (ತೆಳು ಗೋಡೆಯ ಮಾಲಿನ) ಪಿಪಿ ಗ್ರೇಡ್‌ಗಳಲ್ಲಿ ಕೆಲವಕ್ಕೆ ಜಿಎಂಎಸ್ ಮೊದಲೇ ಹಾಕಿರುತ್ತಾರೆ, ಗ್ಲಿಸರಾಲ್ ಮೊನೊಸ್ಟಿಯರೇಟ್. ಧೂಳು ಅಂಟದಿರಲಿ ಎಂದು ಹಾಕುವುದು, ಆದರೆ ಡೈ ಬಿಡಲೂ ಸಹಾಯ ಮಾಡುತ್ತದೆ. ಎಂಎಫ್‌ಐ 12ರ ಬದಲು 25ರ ಆಸುಪಾಸಿನ ಅಂಥ ಗ್ರೇಡ್ ಒಂದು ಚೀಲ ತಂದು ಓಡಿಸಿ. ಡಬ್ಬ ಬೀಳಿಸಿದಾಗ ಒಡೆಯದಿದ್ದರೆ ಅದೇ ನಿಮಗೆ ಅಗ್ಗದ ಪರಿಹಾರ.

ಸಪ್ಲೈಯರ್ ಹತ್ತಿರ ಆಹಾರ ಸಂಪರ್ಕದ ಘೋಷಣಾ ಪತ್ರ ಕೇಳಿ. ಬಾಯಿಮಾತು ಸಾಲದು. ಆಹಾರಕ್ಕೆ ತಾಗುವ ಪಿಪಿಗೆ ಐಎಸ್ (ಭಾರತೀಯ ಮಾನಕ) 10910 ಇದೆ. ಮುಗಿದ ಡಬ್ಬವನ್ನು ಐಎಸ್ 9845 ಪ್ರಕಾರ ಮೈಗ್ರೇಶನ್ ಟೆಸ್ಟ್ (ಡಬ್ಬದಿಂದ ಆಹಾರಕ್ಕೆ ಎಷ್ಟು ಇಳಿಯುತ್ತದೆ ಎಂಬ ಪರೀಕ್ಷೆ) ಮಾಡಿಸಿ, ಮಿತಿ ಚದರ ಡೆಸಿಮೀಟರ್‌ಗೆ 10 ಮಿ.ಗ್ರಾಂ. ಮೈಸೂರಿನ ಸಿಪೆಟ್‌ನಲ್ಲಿ (ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ) ವಿಚಾರಿಸಿ.

ಬಿಡದಿ ಟ್ರಿಮ್ಸ್:

ನಾವು ಕಾರಿನ ಒಳಗಿನ ಪ್ಲಾಸ್ಟಿಕ್ ಭಾಗ ಮಾಡುತ್ತೇವೆ, 20% ಟಾಲ್ಕ್ ತುಂಬಿದ ಕಪ್ಪು ಪಿಪಿ. ನಮ್ಮಲ್ಲಿ ಸಿಲಿಕೋನ್ ಹಾಕುವುದು ಬಿಡುವಿಕೆಗಲ್ಲ, ಗೀರಿಗೆ. ಟಾಲ್ಕ್ ಇರುವ ಕಪ್ಪು ಮೇಲ್ಮೈಗೆ ಬೀಗದ ಕೈ ತಾಗಿದರೂ ಬಿಳಿ ಗೆರೆ ಏಳುತ್ತದೆ. ಮೊದಲು ಎರುಕಮೈಡ್ ಎಂಬ ಮೇಣದಂಥ ವಸ್ತು ಹಾಕುತ್ತಿದ್ದೆವು. ಅದು ಮೇಲ್ಮೈಗೆ ಬಂದು ಜಾರಿಕೆ ಕೊಡುತ್ತದೆ, ಅದು ನಿಜ. ಆದರೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಕೆಲವು ತಿಂಗಳಾದ ಮೇಲೆ ಕೈಗೆ ಅಂಟಂಟಾಗುತ್ತದೆ. ಉದ್ದ ಸರಪಳಿಯ ಸಿಲಿಕೋನ್‌ಗೆ ಆ ಕಾಟ ಇಲ್ಲ. ಗೀರಿಗೆ ಮಾತ್ರ 2ರಿಂದ 3% ಮಾಸ್ಟರ್‌ಬ್ಯಾಚ್ ಬೇಕಾಗುತ್ತದೆ.

ಇದೇ ಶೆಡ್‌ನಲ್ಲಿ ಸ್ವಿಚ್, ರಿಲೇ, ಕನೆಕ್ಟರ್ ಮಾಲೂ ಓಡಿಸುತ್ತೀರಾ? ಹಾಗಿದ್ದರೆ ಸ್ಪ್ರೇ ಕ್ಯಾನ್ ಗೇಟ್ ಒಳಗೇ ಬಿಡಬೇಡಿ. ಸಿಲಿಕೋನ್‌ನ ಗಿಡ್ಡ ಅಣುಗಳು ಆವಿಯಾಗಿ ಕಾಂಟ್ಯಾಕ್ಟ್ ಮೇಲೆ ಕೂರುತ್ತವೆ. ಕಿಡಿ ಹಾರಿದಾಗ ಅದೇ ಸಿಲಿಕಾ ಆಗಿ ಕರೆಂಟ್ ಹರಿಯುವುದನ್ನು ತಡೆಯುತ್ತದೆ. ಆ ಕೆಲಸ ಕೊಡುವ ಕಂಪನಿಗಳು ಸಿಲಿಕೋನ್ ಇಲ್ಲದ ಶೆಡ್ ಎಂದೇ ಬರೆಸಿಕೊಳ್ಳುತ್ತವೆ.

ರಿಗ್ರೈಂಡ್ (ಪುಡಿ ಮಾಡಿ ಮತ್ತೆ ಬಳಸುವ ಮಾಲು) ಬಗ್ಗೆಯೂ ಹುಷಾರು. ಸಿಲಿಕೋನ್ ಹಾಕಿದ ಮಾಲಿನ ಲಂಪ್ಸ್, ರನ್ನರ್ ಬೇರೆ ಚೀಲದಲ್ಲಿ, ಮೇಲೆ ದಪ್ಪಕ್ಷರದಲ್ಲಿ ಬರೆದು ಇಡಿ. ಪೇಂಟ್ ಆಗುವ ಪಾರ್ಟ್‌ಗೆ ಅದು ಒಂದು ಹಿಡಿ ಸೇರಿದರೂ ಇಡೀ ದಿನದ ಪೇಂಟ್ ಮಾಲು ಹಾಳಾಗಬಹುದು.

ಪೀಣ್ಯ ಮೋಲ್ಡರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಸ್ಪ್ರೇ ನಿಲ್ಲಿಸಿದ್ದೇವೆ.

ಡಬ್ಬ ಸೀಳಿ ಟಾರ್ಚ್ ಹಾಕಿದಾಗ ಗೆರೆ ಸ್ಪಷ್ಟವಾಗಿ ಕಂಡವು, ಒಂದೇ ಬದಿಯಲ್ಲಿ, ಬಾಯಿಯಿಂದ 40 ಮಿ.ಮೀ. ಕೆಳಗೆ. ಕೋರ್ ಮೇಲೆ ಅದೇ ಎತ್ತರದಲ್ಲಿ ಕೈಯಾಡಿಸಿದರೆ ಉಗುರಿಗೆ ಸಿಗುವಷ್ಟು ಏಟಿನ ಗುರುತು. ಯಾವಾಗಲೋ ಅಂಟಿದ ಪೀಸನ್ನು ಸ್ಕ್ರೂಡ್ರೈವರ್ ಹಾಕಿ ಕಿತ್ತಿದ್ದಾರೆ. ಕೋರ್ ಬಿಚ್ಚಿ ಸ್ಟೋನ್ ಎಳೆಸಿದೆವು, ಮೇಲಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ. ಪಾಪೆಟ್ ಹಾಕಲು ಕೋರ್‌ನ ನೀರಿನ ದಾರಿ ಅಡ್ಡ ಬರುತ್ತದೆ, ಈಗ ಆಗಲಿಲ್ಲ. ಕೂಲಿಂಗ್ ಇಳಿಸುತ್ತಾ 11 ಸೆಕೆಂಡ್‌ಗೆ ನಿಂತಿದ್ದೇವೆ.

ಇಷ್ಟಕ್ಕೇ ಪೀಸ್ ಬೀಳಲು ಶುರುವಾಯಿತು. ಆದರೆ ಪಿನ್ ಕಲೆ ಮಾತ್ರ ಪೂರ್ತಿ ಹೋಗಲಿಲ್ಲ. ಸಪ್ಲೈಯರ್‌ನಿಂದ ಪಿಪಿ ಕ್ಯಾರಿಯರ್‌ನ ಸ್ಯಾಂಪಲ್ ತರಿಸಿ 125 ಗ್ರಾಂ ಹಾಕಿದೆವು, ಸ್ವಲ್ಪ ಕಡಿಮೆಯಾಯಿತು. 250ಕ್ಕೆ ಕಲೆ ಹುಡುಕಿದರೆ ಮಾತ್ರ ಕಾಣುವಷ್ಟು. ರಿಕವರಿ ಟೈಮ್ ಬದಲಾಗಲಿಲ್ಲ, ಪೀಕ್ ಪ್ರೆಶರ್ ಸ್ವಲ್ಪ ಇಳಿದಿದೆ. ಆಹಾರ ಸಂಪರ್ಕದ ಪತ್ರ ಮೇಲ್‌ನಲ್ಲಿ ಬಂತು, ಟೆಸ್ಟ್‌ಗೆ ಡಬ್ಬ ಕಳಿಸುತ್ತಿದ್ದೇವೆ. ಎಂಎಫ್‌ಐ 25ರ ಗ್ರೇಡ್ ಒಂದು ಚೀಲ ಹೇಳಿದ್ದೇನೆ, ಬಂದ ಮೇಲೆ ಹೋಲಿಸಿ ನೋಡುತ್ತೇನೆ.

ಒಂದು ಅನುಮಾನ ಉಳಿದಿದೆ. 1% ಹಾಕಿದ ಡಬ್ಬಕ್ಕೆ ಪ್ರಿಂಟ್ ಮಾಡಿ ನೋಡಿದೆವು, ಆ ಕ್ಷಣಕ್ಕೆ ಟೇಪ್ ಟೆಸ್ಟ್ ಪಾಸ್ ಆಯಿತು. ಇದನ್ನು ನಂಬಿ ದೊಡ್ಡ ಲಾಟ್ ಓಡಿಸಬಹುದಾ?

ದಾಬಸ್‌ಪೇಟೆ ಕಾಂಪೌಂಡರ್:

ಕೋರ್ ಸರಿ ಮಾಡಿಸಿದ್ದು ಕೇಳಿ ನಿಜಕ್ಕೂ ಖುಷಿಯಾಯಿತು. ಪ್ರಿಂಟ್ ವಿಷಯದಲ್ಲಿ ಅವಸರ ಬೇಡ. ಮೋಲ್ಡ್ ಆದ ಕೂಡಲೇ ಮಾಡಿದ ಪ್ರಿಂಟ್ ಪಾಸ್ ಆಗುವುದು ಸುಲಭ. ಅದೇ ಡಬ್ಬಗಳಲ್ಲಿ ಕೆಲವನ್ನು ಪೇರಿಸಿ ಒಂದು ವಾರ ಗೋಡೌನ್‌ನಲ್ಲೇ ಬಿಡಿ, ಎಸಿ ರೂಮಿನಲ್ಲಿ ಬೇಡ. ಆಮೇಲೆ ಫ್ಲೇಮ್ ಮಾಡಿ 38ರ ಡೈನ್ ಪೆನ್ (ಮೇಲ್ಮೈ ಇಂಕ್ ಹಿಡಿಯುತ್ತದಾ ಎಂದು ನೋಡುವ ಪೆನ್) ಎಳೆಯಿರಿ. ಗೆರೆ ಎರಡು ಸೆಕೆಂಡ್ ಹಾಗೇ ನಿಂತರೆ ಪ್ರಿಂಟ್ ಮಾಡಿ. ಗೆರೆ ಮುದುಡಿ ಹನಿಯಾದರೆ ಡೋಸ್ 125ಕ್ಕೆ ಇಳಿಸಿ, ಪಿನ್ ಕಲೆಗೆ ಬೇರೆ ದಾರಿ ನೋಡೋಣ. ನಾಲ್ಕು ಪಿನ್‌ನ ವ್ಯಾಸ ದೊಡ್ಡದು ಮಾಡಿದರೆ ತಳ್ಳುವ ಒತ್ತಡ ಹಂಚಿಹೋಗುತ್ತದೆ, ಅದಕ್ಕೆ ಸಿಲಿಕೋನೇ ಬೇಕಿಲ್ಲ.

ಟೇಪ್ ಟೆಸ್ಟ್ ಮಾಡುವಾಗ ಇಂಕ್ ಒಣಗಿ 24 ಗಂಟೆ ಆಗಿರಲಿ. ಬ್ಲೇಡ್‌ನಲ್ಲಿ ಅಡ್ಡ ಉದ್ದ ಸಣ್ಣ ಚೌಕ ಗೀಚಿ, ಟೇಪ್ ಒತ್ತಿ, ಒಂದೇ ಎಳೆತಕ್ಕೆ ಕಿತ್ತು ನೋಡಿ. ಸೋಪಿನ ನೀರಲ್ಲಿ ತೊಳೆದ ಡಬ್ಬಕ್ಕೂ ಇದೇ ಮಾಡಿ. ಮನೆಯಲ್ಲಿ ಅದನ್ನು ತೊಳೆಯುತ್ತಾರೆ ಅಲ್ವಾ. ಹೊಸ ಗ್ರೇಡ್‌ನ ಫಲಿತಾಂಶ ಬಂದ ಮೇಲೆ ಅದರ ಪೀಕ್ ಪ್ರೆಶರ್ ಮತ್ತು ಡ್ರಾಪ್ ಟೆಸ್ಟ್ ಎರಡನ್ನೂ ಇಲ್ಲಿ ಹಾಕಿ.